ಯೋಗದ ಜೊತೆ ಪೇಗನ್ ಆಚರಣೆ: ಕಲಬುರಗಿಯ ಮಾಳಿಗೆ ಮೇಲೆ ಇದು ಹೊಂದುತ್ತಾ?

ಕರಿಎರೆ_ಹುಡುಗಿ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ ಅನಿಸಬಹುದು. ನಕ್ಕರೂ ಪರವಾಗಿಲ್ಲ, ಉತ್ತರ ಮಾತ್ರ ಕೊಡಿ.

ಓದಲು ಡಬ್ಲಿನ್‌ಗೆ ಹೋಗಿದ್ದೆ. ಎರಡೂವರೆ ವರ್ಷ ಇದ್ದು ಈಗ ಊರಿಗೆ ವಾಪಸ್ ಬಂದಿದ್ದೇನೆ. ಯೋಗ ನನಗೆ ಹೈಸ್ಕೂಲಿನಿಂದಲೇ ರೂಢಿ, ಅಲ್ಲೂ ಬಿಟ್ಟಿರಲಿಲ್ಲ. ಅಲ್ಲಿ ನನ್ನ ಜೊತೆ ಒಂದೇ ಮನೆಯಲ್ಲಿದ್ದ ಹುಡುಗಿ ಪೇಗನ್. ಅಂದರೆ ಕ್ರೈಸ್ತ ಮತ ಬರುವ ಮುಂಚೆ ಯುರೋಪಿನಲ್ಲಿದ್ದ ದೇವರು, ಋತು, ಮರ, ಬೆಂಕಿ ಇವನ್ನೆಲ್ಲ ಮತ್ತೆ ಪೂಜೆ ಮಾಡುವವರು. ಎಲ್ಲರೂ ಒಂದೇ ಗುಂಪಲ್ಲ. ವಿಕ್ಕಾ ಅಂತ ಒಂದು, ಡ್ರೂಯಿಡ್ ಅಂತ ಇನ್ನೊಂದು, ಹೀಗೆ. ವಿಕ್ಕಾ ಸಾವಿರಾರು ವರ್ಷ ಹಳೆಯದು ಅಂದುಕೊಂಡಿದ್ದೆ, ಆಮೇಲೆ ನೋಡಿದರೆ ಜೆರಾಲ್ಡ್ ಗಾರ್ಡ್ನರ್ ಅನ್ನುವವರು 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜನರ ಮುಂದೆ ತಂದದ್ದು, ಅದೂ 1951ರಲ್ಲಿ ಅಲ್ಲಿನ ಮಾಟಗಾತಿಯರ ವಿರುದ್ಧದ ಹಳೇ ಕಾಯ್ದೆ ರದ್ದಾದ ಮೇಲೆ. ಆದರೂ ನನಗೆ ಹಿಡಿಸಿತು. ಫೆಬ್ರವರಿ 1ಕ್ಕೆ ಅವರ ದೇವತೆ ಬ್ರಿಜಿಡ್ ಹಬ್ಬ ಬರುತ್ತದೆ, ಐರ್ಲೆಂಡಿನಲ್ಲಿ 2023ರಿಂದ ಅದಕ್ಕೆ ಸರ್ಕಾರಿ ರಜೆಯೂ ಇದೆ. ನನ್ನ ಗೆಳತಿ ಜೊಂಡು ಹುಲ್ಲಿನಲ್ಲಿ ಶಿಲುಬೆ ಹೆಣೆದು ಬಾಗಿಲಿಗೆ ಕಟ್ಟಿದಾಗ ನನಗೆ ನಮ್ಮ ಮನೆಯ ಮಾವಿನ ತೋರಣ ನೆನಪಾಯಿತು. ಅಲ್ಲಿಂದ ಶುರು.

ಅವರಿಗೆ ವರ್ಷಕ್ಕೆ ಎಂಟು ಹಬ್ಬ, ಅದಕ್ಕೆ ವರ್ಷದ ಚಕ್ರ ಅನ್ನುತ್ತಾರೆ. ಪೂಜೆಗೆ ಮುಂಚೆ ಸುತ್ತ ಒಂದು ವೃತ್ತ ಹಾಕಿಕೊಂಡು ನಾಲ್ಕು ದಿಕ್ಕನ್ನು ಕರೆಯಬೇಕು. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ನಾನು ಅದೇ ವೃತ್ತದೊಳಗೆ ಚಾಪೆ ಹಾಸಿ ಸೂರ್ಯ ನಮಸ್ಕಾರ, ಪ್ರಾಣಾಯಾಮ ಮಾಡುತ್ತಿದ್ದೆ. ಅಲ್ಲಿ ಏನೂ ತೊಂದರೆ ಇರಲಿಲ್ಲ.

ಇಲ್ಲಿ ಬಂದ ಮೇಲೆ ಎಲ್ಲ ಎಡವಟ್ಟು.

ಅಕ್ಟೋಬರ್ 31ಕ್ಕೆ ಸತ್ತವರನ್ನು ನೆನೆಯುವ ಹಬ್ಬ. ಅದರ ಹೆಸರಿನ ಉಚ್ಚಾರ 'ಸಾವಿನ್'. ನಿಜವಾಗಿಯೂ ಹಾಗೇ ರೀ, ನಮ್ಮ ಸಾವಿಗೂ ಅದಕ್ಕೂ ಸಂಬಂಧ ಇಲ್ಲ. ರಾತ್ರಿ ಹನ್ನೊಂದಕ್ಕೆ ಮಾಳಿಗೆ ಮೇಲೆ ಹೋಗಿ ಉಪ್ಪಿನ ಗೆರೆ ಎಳೆದು, ನಾಲ್ಕು ಕಡೆ ಮೇಣದಬತ್ತಿ ಇಟ್ಟು, ತೀರಿಕೊಂಡ ನಮ್ಮ ಮುತ್ಯಾನ (ಅಜ್ಜನ) ಹೆಸರಲ್ಲಿ ಒಂದು ತಾಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇಟ್ಟು ಕಣ್ಣು ಮುಚ್ಚಿ ಕೂತಿದ್ದೆ. ಪಕ್ಕದ ಮನೆಯವರು ನೀರಿನ ಟಾಕಿ ನೋಡಲು ಮೇಲೆ ಬಂದವರು ಇದನ್ನು ನೋಡಿ ಹಾಗೇ ಇಳಿದು ಹೋದರು. ಬೆಳಿಗ್ಗೆ ಅವರ ಬಾಗಿಲಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ! ಎರಡು ದಿನಕ್ಕೆ ಓಣಿಯಲ್ಲಿ ಒಬ್ಬರು ಅವ್ವನನ್ನು ನಿಲ್ಲಿಸಿ 'ಮಗಳಿಗೆ ಹುಷಾರಿಲ್ಲೇನು' ಅಂತ ಕೇಳಿದರು. ಇದು ಯಾವ ಹಬ್ಬ ಅಂತ ಅವ್ವ ಕೇಳಿದಾಗ ನಾನು ದಡ್ಡಿ, 'ಸಾವಿನ್' ಅಂದೆ. ಆಮೇಲೆ ಎರಡು ದಿನ ನನ್ನ ಜೊತೆ ಮಾತಿಲ್ಲ.

ಅಜ್ಜಿಯದು ಬೇರೆ ತಕರಾರು. ಬೆಂಕಿಯ ದಿಕ್ಕು ಅಂತ ನಾನು ದಕ್ಷಿಣಕ್ಕೆ ಮುಖ ಮಾಡಿ ಕೂತರೆ 'ಅದು ಯಮನ ದಿಕ್ಕು, ಏಳು ಮೊದಲು' ಅಂತ ಎಬ್ಬಿಸುತ್ತಾಳೆ. ಇನ್ನು ನಾನು ಹೋಗುವ ಯೋಗ ಕ್ಲಾಸಿನಲ್ಲಿ ಈ ವಿಷಯ ಬಾಯಿ ಬಿಟ್ಟಿದ್ದಕ್ಕೆ 'ಎರಡು ದೋಣಿಯಲ್ಲಿ ಕಾಲಿಡಬೇಡ, ಒಂದನ್ನು ಬಿಡು' ಅಂದರು.

ಯೋಗ ಮಾಡುವವರು ಬೇರೆ ದೇವರನ್ನು, ಬೇರೆ ಆಚರಣೆಯನ್ನು ಇಟ್ಟುಕೊಳ್ಳಬಾರದಾ? ಎರಡನ್ನೂ ಕೂಡಿಸಿ ಮಾಡುವವರು ಇಲ್ಲಿ ಯಾರಾದರೂ ಇದ್ದೀರಾ?

ಬೆಳಗಿನ_ಉಸಿರು (ಕಲಬುರಗಿ):

ನಾನು ಹದಿನಾಲ್ಕು ವರ್ಷದಿಂದ ಯೋಗ ಕಲಿಸುತ್ತಿದ್ದೇನೆ. ನಿಮ್ಮ ಕ್ಲಾಸಿನವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ಪತಂಜಲಿಯ ಯೋಗಸೂತ್ರದ ಮೊದಲ ಪಾದದ 39ನೇ ಸೂತ್ರ ನೋಡಿ: ಯಥಾಭಿಮತಧ್ಯಾನಾದ್ವಾ. ನಿನಗೆ ಯಾವುದು ಇಷ್ಟವೋ ಅದನ್ನು ಧ್ಯಾನ ಮಾಡಿದರೂ ಮನಸ್ಸು ನಿಲ್ಲುತ್ತದೆ ಅಂತ. ಎರಡನೇ ಪಾದದಲ್ಲಿ ಇಷ್ಟದೇವತೆ ಅನ್ನುವ ಮಾತೂ ಇದೆ. ಯಾವ ದೇವತೆ ಅಂತ ಹೆಸರು ಹೇಳಿಲ್ಲ. ಬ್ರಿಜಿಡ್ ಬೇಡ ಅಂತಲೂ ಇಲ್ಲ, ನಮ್ಮ ಕಡೆಯ ದೇವಿ ಭಾಗ್ಯವಂತಿ ಬೇಕು ಅಂತಲೂ ಇಲ್ಲ.

ಯೋಗ ಎಲ್ಲ ಸನಾತನ, ಪೇಗನ್ ಎಲ್ಲ ಹೊಸದು ಅನ್ನುವುದೂ ಅಷ್ಟು ಸರಳ ಅಲ್ಲ. ನಾವೀಗ ಮಾಡುವ ರೂಪದ ಸೂರ್ಯ ನಮಸ್ಕಾರವನ್ನು ಊರೂರಿಗೆ ಹಬ್ಬಿಸಿದವರು ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ್ ಪ್ರತಿನಿಧಿ, ಅದೂ 1920ರ ದಶಕದಲ್ಲಿ. ಮೈಸೂರು ಅರಮನೆಯ ಯೋಗಶಾಲೆಯಲ್ಲಿ ಕೃಷ್ಣಮಾಚಾರ್ಯರು ಕಲಿಸಿದ್ದು 1930ರ ದಶಕದಲ್ಲಿ. ಗಾರ್ಡ್ನರ್‌ಗಿಂತ ದೊಡ್ಡ ವಯಸ್ಸೇನಲ್ಲ, ಅಲ್ವಾ. ಬೇರು ಹಳೆಯದು, ಚಿಗುರು ಹೊಸದು. ಎರಡೂ ಕಡೆ.

ಆದರೆ ಕೂಡಿಸುವಾಗ ಕಲಸುಮೇಲೋಗರ ಮಾಡಬೇಡಿ. ನನ್ನ ಹತ್ತಿರ ಬರುವ ಎಷ್ಟೋ ಮಂದಿ ಏಳು ಚಕ್ರಕ್ಕೆ ಕಾಮನಬಿಲ್ಲಿನ ಏಳು ಬಣ್ಣ ಅಂತ ಫೋಟೋ ತೋರಿಸುತ್ತಾರೆ. ಅದು ಕಳೆದ ಶತಮಾನದಲ್ಲಿ ಪಶ್ಚಿಮದವರು ಬಳಿದ ಬಣ್ಣ. ನಮ್ಮ ಹಳೇ ಗ್ರಂಥಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಚಕ್ರ ಮೂಲಾಧಾರಕ್ಕೆ ಹಳದಿ ಚೌಕ, ಅದು ಪೃಥ್ವಿ. ಅದರ ಮೇಲಿನದಕ್ಕೆ ಬಿಳಿ ಅರ್ಧಚಂದ್ರ, ಅದು ನೀರು. ಹೊಕ್ಕಳ ಹತ್ತಿರ ಕೆಂಪು ತ್ರಿಕೋನ, ಬೆಂಕಿ. ಎದೆಯಲ್ಲಿ ಗಾಳಿ, ಗಂಟಲಲ್ಲಿ ಆಕಾಶ. ನಿಮ್ಮ ನಾಲ್ಕು ದಿಕ್ಕಿನ ನಾಲ್ಕು ತತ್ವಗಳು ಇಲ್ಲಿ ಬೆನ್ನುಹುರಿಯ ಮೇಲೆ ಕೂತಿವೆ, ಮೇಲೆ ಇನ್ನೊಂದು ಜಾಸ್ತಿ. ಲಂ, ವಂ, ರಂ, ಯಂ, ಹಂ ಅನ್ನುವ ಬೀಜಮಂತ್ರ ಹೇಳುತ್ತ ಒಂದೊಂದು ಜಾಗದಲ್ಲಿ ಐದೈದು ಉಸಿರು ನಿಂತು ನೋಡಿ. ಉಪ್ಪೂ ಬೇಡ, ಮೇಣದಬತ್ತಿಯೂ ಬೇಡ, ಪಕ್ಕದ ಮನೆಯವರ ನಿಂಬೆಹಣ್ಣೂ ಉಳಿಯುತ್ತದೆ.

ಇನ್ನೊಂದು ಮಾತು, ಇದು ಆರೋಗ್ಯದ್ದು. ಧೂಪ, ಊದಿನಕಡ್ಡಿ ಹಚ್ಚಿದ ಕೋಣೆಯಲ್ಲಿ ಕಪಾಲಭಾತಿ, ಭಸ್ತ್ರಿಕಾ ಮಾಡಬೇಡಿ. ಅಷ್ಟು ಜೋರಾಗಿ ಹೊಗೆ ಒಳಗೆ ಎಳೆದುಕೊಂಡ ಹಾಗೆ ಆಗುತ್ತದೆ. ಮೊದಲು ಆಸನ, ಪ್ರಾಣಾಯಾಮ, ಶವಾಸನ ಮುಗಿಸಿ, ಆಮೇಲೆ ದೀಪ ಹಚ್ಚಿ ನಿಮ್ಮ ಪೂಜೆ ಮಾಡಿ. ದೀಪ ನೋಡುತ್ತ ಕೂರುವುದಾದರೆ ಅದಕ್ಕೆ ನಮ್ಮಲ್ಲಿ ತ್ರಾಟಕ ಅಂತ ಹೆಸರೇ ಇದೆ: ಒಂದು ಮೊಳ ದೂರ, ಕಣ್ಣಿನ ಮಟ್ಟ, ಗಾಳಿ ಇಲ್ಲದ ಜಾಗ. ಕಣ್ಣೀರು ಬಂದ ತಕ್ಷಣ ಕಣ್ಣು ಮುಚ್ಚಬೇಕು. ಮಾಳಿಗೆ ಮೇಲೆ ಜ್ವಾಲೆ ಕುಣಿಯುತ್ತದೆ, ಅಲ್ಲಿ ಬೇಡ.

ಕಾಯಕವೇ_ಸಾಕು (ಬಸವಕಲ್ಯಾಣ):

ತಂಗಿ, ಬೇಜಾರಾಗಬೇಡ, ನೇರ ಹೇಳುತ್ತೇನೆ. ನೀನು ಹುಟ್ಟಿದ ನೆಲ ಯಾವುದು ಗೊತ್ತಿದೆಯಲ್ಲ? ಮಡಕೆ ದೈವ, ಮೊರ ದೈವ, ಬೀದಿಯ ಕಲ್ಲು ದೈವ, ಕಾಲಿಡಲು ಜಾಗವೇ ಇಲ್ಲ ಅಂತ ಬಸವಣ್ಣ ಎಂಟುನೂರು ವರ್ಷದ ಹಿಂದೆಯೇ ಬೇಸತ್ತು ಹೇಳಿದ್ದು ಇದೇ ಕಲ್ಯಾಣದ ಸುತ್ತಮುತ್ತಲ ಜನರಿಗೆ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ದೃಷ್ಟಿ ನೆಡುವ ಶಿವಯೋಗ ನಮ್ಮ ಮನೆಯಲ್ಲೇ ಇರುವಾಗ ಐರ್ಲೆಂಡಿನಿಂದ ಎಂಟು ಹಬ್ಬ ಹೊತ್ತು ತರುವುದು ಯಾಕೆ? ನಮಗಿರುವ ಹಬ್ಬಗಳೇ ಸಾಲವನ್ನು ತೀರಿಸಲು ಬಿಡುತ್ತಿಲ್ಲ.

ಮತ್ತೆ ಈ ಎಲ್ಲ ಮತದಿಂದ ಒಂದೊಂದು ಚಮಚ ಬಡಿಸಿಕೊಳ್ಳುವ ಚಟ ಇದೆಯಲ್ಲ, ಅದು ನನಗೆ ಹಿಡಿಸುವುದಿಲ್ಲ. ಬೇಸರ ಬಂದ ದಿನ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತೀರಿ. ಯಾವುದಾದರೂ ಒಂದನ್ನು ಹನ್ನೆರಡು ವರ್ಷ ಮಾಡು, ಆಮೇಲೆ ಮಾತಾಡು.

ಇಷ್ಟು ಬರೆದು ಕಳಿಸಬೇಕು ಅನ್ನುವಾಗ ನಮ್ಮವ್ವ ನೆನಪಾದಳು, ಅದನ್ನೂ ಹೇಳಿಬಿಡುತ್ತೇನೆ. ಅವಳು ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡದೆ ಚಹಾ ಮುಟ್ಟುವುದಿಲ್ಲ. ವರ್ಷಕ್ಕೊಮ್ಮೆ ಘತ್ತರಗಿ ಭಾಗ್ಯವಂತಿಗೆ ಹೋಗಿ ಉಡಿ ತುಂಬುವುದನ್ನೂ ತಪ್ಪಿಸುವುದಿಲ್ಲ. ಅವ್ವಾ, ಇದು ಸರಿಯಾ ಅಂದರೆ 'ಲಿಂಗಪ್ಪ ಅಪ್ಪ, ಭಾಗ್ಯವಂತಿ ಅವ್ವ, ಮನೆಯಾಗ ಇಬ್ಬರೂ ಇರಬಾರದೇನು' ಅನ್ನುತ್ತಾಳೆ. ಅವಳ ಜೊತೆ ವಾದ ಮಾಡಿ ಗೆದ್ದವರು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ.

ನೆರಳು_ಮೇಷ್ಟ್ರು (ಯಾದಗಿರಿ):

ನಾನು ವಿಜ್ಞಾನದ ಮೇಷ್ಟ್ರು, ದೇವರ ವಿಷಯದಲ್ಲಿ ತಟಸ್ಥ. ಆದರೆ ದಿಕ್ಕಿನ ಜಗಳಕ್ಕೆ ಉತ್ತರ ನನ್ನ ಹತ್ತಿರ ಇದೆ.

ಇಂಗ್ಲೆಂಡ್, ಐರ್ಲೆಂಡಿನಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಹಾಗಾಗಿ ದಕ್ಷಿಣಕ್ಕೆ ಬೆಂಕಿ ಅಂದರೆ ಅಲ್ಲಿನ ಕಣ್ಣಿಗೆ ಸರಿ. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಮುದ್ರ, ಅಲ್ಲಿಗೆ ನೀರೂ ಸರಿ. ಕಲಬುರಗಿಯಲ್ಲಿ ಹಾಗಲ್ಲ. ಮೇ ಎರಡನೇ ವಾರ ಒಮ್ಮೆ, ಆಗಸ್ಟ್ ಮೊದಲ ವಾರ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡರ ನಡುವೆ ಅವನು ಉತ್ತರಕ್ಕೆ ಸರಿದಿರುತ್ತಾನೆ. ಜೂನ್ 21ರ ಮಧ್ಯಾಹ್ನ ಮೋಡ ಇಲ್ಲದಿದ್ದರೆ ಒಂದು ಮೀಟರ್ ಕೋಲು ನೆಟ್ಟು ನೋಡಿ, ನೆರಳು ದಕ್ಷಿಣಕ್ಕೆ ಬೀಳುತ್ತದೆ, ಹೆಚ್ಚುಕಡಿಮೆ 11 ಸೆಂಟಿಮೀಟರ್. ಅಂದರೆ ನಿಮ್ಮ ಪೇಗನ್ನರ ಸೂರ್ಯನ ಹಬ್ಬದ ದಿನ ನಮ್ಮೂರಿನ ಬೆಂಕಿ ಉತ್ತರಕ್ಕಿರುತ್ತದೆ! ತಮಾಷೆ ಅಂದರೆ ವಿಶ್ವಸಂಸ್ಥೆ ಯೋಗ ದಿನ ಅಂತ ಸಾರಿದ್ದೂ ಅದೇ ದಿನವನ್ನೇ, 2015ರಿಂದ ನಡೆಯುತ್ತಿದೆ.

ನಿಮ್ಮ ಅಜ್ಜಿಯ ಲೆಕ್ಕದಲ್ಲಿ ಬೆಂಕಿ ಆಗ್ನೇಯಕ್ಕೆ, ಗಾಳಿ ವಾಯವ್ಯಕ್ಕೆ, ದಕ್ಷಿಣ ಯಮನಿಗೆ. ಪಶ್ಚಿಮ ಮಾತ್ರ ವರುಣನದು, ಅಲ್ಲಿ ಎರಡೂ ಕಡೆಯವರಿಗೆ ರಾಜಿ. ನನ್ನ ಪ್ರಕಾರ ಅಜ್ಜಿಗೆ ಸೋಲುವುದು ಒಳ್ಳೆಯದು.

ಋತುವೂ ಹಾಗೇ. ಡಬ್ಲಿನ್‌ನಲ್ಲಿ ಡಿಸೆಂಬರಿನ ಹಗಲು ಏಳೂವರೆ ಗಂಟೆ, ಜೂನಿನ ಹಗಲು ಹದಿನೇಳು. ಅಲ್ಲಿ ಸೂರ್ಯ ವಾಪಸ್ ಬರುತ್ತಾನೋ ಇಲ್ಲವೋ ಅನ್ನುವ ಭಯ ಇತ್ತು, ಹಬ್ಬ ಹುಟ್ಟಿತು. ನಮಗೆ ಡಿಸೆಂಬರಿನಲ್ಲೂ ಹನ್ನೊಂದು ಗಂಟೆ ಹಗಲು, ಸೂರ್ಯ ಹೋಗಲಪ್ಪಾ ಅನ್ನುವವರು ನಾವು. ಮೇ 1ಕ್ಕೆ ದೊಡ್ಡ ಬೆಂಕಿ ಹಾಕಿ ಸುತ್ತ ಕುಣಿಯುವ ಹಬ್ಬ ಇದೆಯಂತಲ್ಲ, ಅದನ್ನು ಕಲಬುರಗಿಯಲ್ಲಿ ಮಾಡಿದರೆ ಯಾರು ಬರುತ್ತಾರೆ ರೀ? ಅವತ್ತು ಬೇಕಾಗುವುದು ಮಜ್ಜಿಗೆ.

ಓಣಿಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. 2017ರ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ ಹಿಡಿಯುವುದು ಜನರಿಗೆ ಹಿಂಸೆ, ಮೋಸ ಮಾಡುವ ಆಚರಣೆಗಳನ್ನು. ನಿಮ್ಮ ಮಾಳಿಗೆ ಮೇಲೆ ರೊಟ್ಟಿ ಇಟ್ಟು ಕೂತರೆ ಅದಕ್ಕೆ ಅದು ಬರುವುದಿಲ್ಲ. ಆದರೆ ಮಾಟ ಮಾಡುತ್ತಾಳೆ ಅನ್ನುವ ಮಾತು ಒಂದು ಹೆಣ್ಣಿನ ಮೇಲೆ ಬಂದರೆ ತೊಳೆಯಲು ವರ್ಷ ಬೇಕು. ಆ ಪಕ್ಕದ ಮನೆಯವರನ್ನು ಕರೆದು ಚಹಾ ಕೊಟ್ಟು, ನಮ್ಮ ಮುತ್ಯಾನಿಗೆ ಎಡೆ ಇಟ್ಟಿದ್ದೆ ಅಂತ ಹೇಳಿ. ಅದು ಸುಳ್ಳೂ ಅಲ್ಲ.

ಹೊಲದ_ಅಕ್ಕ (ಜೇವರ್ಗಿ ತಾಲೂಕು):

ಎಲ್ಲರ ಮಾತೂ ಓದಿದೆ. ಪೇಗನ್ ಅಂದರೆ ಏನು ಅಂತ ನನ್ನ ಮಗನನ್ನು ಕೇಳಿದೆ, ಲ್ಯಾಟಿನ್ ಭಾಷೆಯಲ್ಲಿ ಹಳ್ಳಿಯವನು ಅಂತ ಇದ್ದ ಮಾತು ಅದು ಅಂದ. ಹಾಗಾದರೆ ನಾನು ಹುಟ್ಟು ಪೇಗನ್ ಕಣವ್ವಾ.

ತಂಗಿ, ನೀನು ಓದಿನ ಹಿಂದೆ ಹೋಗಿ ಹೊಲ ಮರೆತಿದ್ದೀಯ ಅಷ್ಟೇ. ನಿಮ್ಮ ಚಕ್ರಕ್ಕೆ ಎಂಟು ಹಬ್ಬ ಅಂದೆಯಲ್ಲ, ನಮ್ಮದಕ್ಕೆ ಲೆಕ್ಕ ಹಾಕು. ಜೂನಿನಲ್ಲಿ ಕಾರ ಹುಣ್ಣಿಮೆ, ಎತ್ತಿನ ಕೊಂಬಿಗೆ ಬಣ್ಣ ಬಳಿದು ಕರಿ ಹರಿಯುವುದು. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಶ್ರಾವಣದಲ್ಲಿ ಪಂಚಮಿ, ಹುತ್ತಕ್ಕೆ ಹಾಲು. ಭಾದ್ರಪದದಲ್ಲಿ ಜೋಕುಮಾರ, ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡು ಮನೆ ಮನೆಗೆ ಬರುತ್ತಾನೆ, ಏಳು ದಿನಕ್ಕೆ ಸಾಯುತ್ತಾನೆ, ಅವನು ಸತ್ತರೆ ಮಳೆ. ಆಮೇಲೆ ಹಿರಿಯರಿಗೆ ಎಡೆ ಇಡುವ ಮಹಾಲಯ ಅಮಾವಾಸ್ಯೆ, ನೀನು ಮುತ್ಯಾನಿಗೆ ರೊಟ್ಟಿ ಇಟ್ಟಿದ್ದನ್ನು ಅವತ್ತು ಇಟ್ಟಿದ್ದರೆ ಓಣಿಯವರು ಒಬ್ಬರೂ ಮಾತಾಡುತ್ತಿರಲಿಲ್ಲ, ಬದಲಿಗೆ ಬಡಿಸು ಅನ್ನುತ್ತಿದ್ದರು. ದೀಪಾವಳಿಗೆ ಸಗಣಿಯ ಪಾಂಡವರು. ಹೋಳಿ ಹುಣ್ಣಿಮೆಗೆ ಕಾಮಣ್ಣನ ಬೆಂಕಿ. ಬೆಂಕಿ ಬೇಕು ಅಂದರೆ ಅದೇ ಇದೆಯಲ್ಲ, ಮೇ ತನಕ ಯಾಕೆ ಕಾಯುತ್ತೀ.

ಎಲ್ಲಕ್ಕಿಂತ ದೊಡ್ಡದು ಎಳ್ಳ ಅಮಾವಾಸ್ಯೆ. ಧಾರವಾಡದ ಕಡೆ ಶೀಗಿ ಹುಣ್ಣಿಮೆಗೆ ಚರಗ, ಅಂದರೆ ಭೂಮಿತಾಯಿಯ ಎಡೆ, ಹೊಲದಲ್ಲಿ ಚೆಲ್ಲುತ್ತಾರೆ. ನಮ್ಮದು ಹಿಂಗಾರಿ ಜೋಳದ ಎರೆಭೂಮಿ, ಹಾಗಾಗಿ ಚಳಿಗಾಲದಲ್ಲಿ, ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತದೆ. ಹಿಂದಿನ ರಾತ್ರಿ ಯಾರೂ ಮಲಗುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯಬೇಕು, ಸಜ್ಜೆ ಕಡುಬು ಮಾಡಬೇಕು, ಶೇಂಗಾ ಹೋಳಿಗೆ ಬೇರೆ. ಭಜ್ಜಿಗೆ ಅಂತೂ ಹೊಲದಲ್ಲಿ ಏನೇನು ಇದೆಯೋ ಎಲ್ಲ ಬೀಳುತ್ತದೆ: ಹಸಿ ಕಡಲೆ, ತೊಗರಿ ಕಾಳು, ಅವರೆ, ಬದನೆ, ಮೆಂತ್ಯ ಸೊಪ್ಪು. ಅದನ್ನು ಕಡೆದು ಕಡೆದು ತೋಳು ಸೋಲುತ್ತದೆ. ಬೆಳಿಗ್ಗೆ ಬುಟ್ಟಿ ಹೊತ್ತು ಹೊಲಕ್ಕೆ ಹೋದರೆ ಜೋಳ ನಮಗಿಂತ ಎತ್ತರ ನಿಂತಿರುತ್ತದೆ. ದಂಟಿನ ಗುಡಿಸಿಲು ಮಾಡಿ ಒಳಗೆ ಐದು ಕಲ್ಲು ಇಟ್ಟು ಸುಣ್ಣ ಬಳಿದರೆ ಅವರೇ ಪಾಂಡವರು. ಪೂಜೆ ಆದ ಮೇಲೆ ಒಬ್ಬರು ಮುಂದೆ ಕೂಗುತ್ತ ಚರಗ ಚೆಲ್ಲುತ್ತ ಹೋಗುತ್ತಾರೆ, ಹಿಂದೆ ಒಬ್ಬರು ನೀರು ಹಾಕುತ್ತಾರೆ. ಭೂಮಿತಾಯಿ ಈಗ ಬಸುರಿ, ಅವಳ ಬಯಕೆ ತೀರಿಸುವುದು ಅದು. ಆಮೇಲೆ ಎಲ್ಲರೂ ನೆಲದ ಮೇಲೆ ಕೂತು ಊಟ. ದಾರಿಯಲ್ಲಿ ಹೋಗುವವರನ್ನೂ ಬಿಡುವುದಿಲ್ಲ, ಕರೆದು ಕೂರಿಸುತ್ತೇವೆ. ಜಾತಿ ಕೇಳುವುದಿಲ್ಲ.

ನನಗೆ ನಿಮ್ಮ ಆಸನ ಗೊತ್ತಿಲ್ಲ. ಆದರೆ ಒಂದು ದಿನ ಕಳೆ ತೆಗೆದು ನೋಡು, ಸೊಂಟಕ್ಕೆ ಯಾವ ಆಸನ ಬೇಕು ಅಂತ ಅದೇ ಹೇಳುತ್ತದೆ.

ಗುಂಬಜ್_ಗಾಳಿ (ಬೀದರ್):

ಅಕ್ಕನ ಭಜ್ಜಿ ಓದಿ ನನಗೆ ಇಲ್ಲಿ ಹಸಿವಾಯಿತು.

ಕೂಡಿಸಬಾರದು ಅನ್ನುವವರನ್ನು ನಮ್ಮ ಬೀದರ್ ಹತ್ತಿರದ ಅಷ್ಟೂರಿಗೆ ಕರೆದುಕೊಂಡು ಬನ್ನಿ. ಬಹಮನಿ ಸುಲ್ತಾನ ಅಹಮದ್ ಷಾನ ಗುಂಬಜ್ ಅದು. ನಮಗೆ ಮುಸ್ಲಿಮರಿಗೆ ಅವನು ವಲಿ, ಅಂದರೆ ಸಂತ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭುವಿನ ರೂಪ. ಉರುಸಿಗೆ ಕಲಬುರಗಿ ಕಡೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ, ಶಂಖ ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ, ಪಕ್ಕದಲ್ಲೇ ನಮ್ಮ ಫಾತಿಹಾ ಪ್ರಾರ್ಥನೆ ನಡೆಯುತ್ತದೆ. ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಅಲ್ಲಿ ಯಾರಿಗೂ ಎರಡು ದೋಣಿ ಅನಿಸಿಲ್ಲ.

ಕಾಯಕ ಅಣ್ಣ ಹೇಳಿದ ಒಂದು ಮಾತು ಮಾತ್ರ ನನಗೂ ಒಪ್ಪಿಗೆ. ಅಲ್ಲಿ ಜಂಗಮರು ಫಾತಿಹಾ ಓದುವುದಿಲ್ಲ, ಮುಲ್ಲಾ ಶಂಖ ಊದುವುದಿಲ್ಲ. ಒಂದೇ ಜಾಗದಲ್ಲಿ ಅವರವರದು ಅವರವರು ಸರಿಯಾಗಿ ಮಾಡುತ್ತಾರೆ. ಯೋಗ ಯೋಗದ ಹಾಗೆ ಇರಲಿ, ನಿಮ್ಮ ಬ್ರಿಜಿಡ್ ಬ್ರಿಜಿಡ್ ಹಾಗೆ ಇರಲಿ. ಬ್ರಿಜಿಡ್ ಅಂದರೆ ಪಾರ್ವತಿಯೇ ಅಂತ ಮಾತ್ರ ಶುರು ಮಾಡಬೇಡಿ.

ಕರಿಎರೆ_ಹುಡುಗಿ:

ಇಷ್ಟೊಂದು ಉತ್ತರ ನಿರೀಕ್ಷೆ ಮಾಡಿರಲಿಲ್ಲ. ಒಂದು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಮೇಷ್ಟ್ರು ಹೇಳಿದ ಹಾಗೆ ಪಕ್ಕದ ಮನೆಯವರನ್ನು ಕರೆದೆ. ಮುತ್ಯಾನ ಎಡೆ ಅಂದಿದ್ದಕ್ಕೆ 'ಅಯ್ಯೋ, ಹಾಗಾದರೆ ಉಪ್ಪು ಯಾಕೆ ಚೆಲ್ಲಿದ್ದೆ' ಅಂತ ಕೇಳಿದರು. ಇರುವೆ ಬರಬಾರದು ಅಂತ ಅಂದುಬಿಟ್ಟೆ. ಇದು ಮಾತ್ರ ಸುಳ್ಳು, ಕ್ಷಮಿಸಿ. ನಿಂಬೆಹಣ್ಣು ಇನ್ನೂ ಬಾಗಿಲಲ್ಲೇ ಇದೆ, ಒಣಗಿದೆ.

ಬೆಳಗಿನ ಉಸಿರು ಸರ್, ಲಂ ವಂ ರಂ ನಾಲ್ಕು ದಿನ ಮಾಡಿದೆ. ಮೊದಲ ದಿನ ಏನೂ ಅನಿಸಲಿಲ್ಲ. ಮೂರನೇ ದಿನ ಮೂಲಾಧಾರದಲ್ಲಿ ನಿಂತಾಗ, ನಗಬೇಡಿ, ಮಳೆಗೆ ಬಿರುಕು ಮುಚ್ಚಿಕೊಳ್ಳುವ ಎರೆ ಮಣ್ಣಿನ ವಾಸನೆ ಬಂದ ಹಾಗಾಯಿತು. ಡಬ್ಲಿನ್‌ನಲ್ಲಿ ಉತ್ತರಕ್ಕೆ ಮುಖ ಮಾಡಿ ಮಣ್ಣನ್ನು ಕರೆದಾಗ ಯಾವತ್ತೂ ಅದು ಬಂದಿರಲಿಲ್ಲ, ಅಲ್ಲಿನ ಮಣ್ಣಿಗೆ ಆ ವಾಸನೆಯೇ ಇಲ್ಲ.

ಕಾಯಕ ಅಣ್ಣಾ, ಹನ್ನೆರಡು ವರ್ಷದ ಮಾತು ಚುಚ್ಚಿತು. ಯೋಗಕ್ಕೆ ಹನ್ನೊಂದು ಆಗಿದೆ. ಬ್ರಿಜಿಡ್‌ಗೆ ಎರಡೇ. ಫೆಬ್ರವರಿ 1ಕ್ಕೆ ಒಂದು ದೀಪ ಹಚ್ಚುತ್ತೇನೆ, ಅದನ್ನು ಬಿಡುವುದಿಲ್ಲ. ಗೆಳತಿ ಕಲಿಸಿದ್ದು, ಅವಳ ನೆನಪಿಗಾದರೂ ಇರಲಿ. ಉಳಿದ ಏಳು ಹಬ್ಬಕ್ಕೆ ಏನು ಮಾಡಬೇಕು ಅಂತ ಇನ್ನೂ ಗೊತ್ತಿಲ್ಲ.

ಹೊಲದ ಅಕ್ಕಾ, ನಮ್ಮ ಹೊಲ ಮುತ್ಯಾ ಇದ್ದಾಗಲೇ ಮಾರಿ ಹೋಯಿತು. ಎಳ್ಳ ಅಮಾವಾಸ್ಯೆಗೆ ನಾವು ಮನೆಯಲ್ಲೇ ಭಜ್ಜಿ ಮಾಡಿ ಊಟ ಮಾಡುತ್ತೇವೆ ಅಷ್ಟೇ. ನಿಮ್ಮ ಹೊಲಕ್ಕೆ ನಾನೂ ಅವ್ವನೂ ಬರಬಹುದಾ? ಏನು ತರಬೇಕು ಹೇಳಿ.

ಹೊಲದ_ಅಕ್ಕ:

ಬಾ ಅಂತ ಕೇಳಬೇಕಾ? ಅಜ್ಜಿಯನ್ನೂ ಕರೆದುಕೊಂಡು ಬಾ, ದಿಕ್ಕು ಅವಳೇ ಹೇಳಲಿ. ಅಡುಗೆ ನಮ್ಮದು, ನೀನು ಗಟ್ಟಿ ಮೊಸರು ತಾ, ಹೋದ ಸಲ ಕಡಿಮೆ ಬಿತ್ತು. ಹತ್ತು ಗಂಟೆಯ ಒಳಗೆ ಬಂದರೆ ಐದು ಕಲ್ಲಿಗೆ ಸುಣ್ಣ ಬಳಿಯುವ ಕೆಲಸ ನಿನಗೆ. ಚಾಪೆ ಬೇಡ, ಎರೆ ಹೊಲದಲ್ಲಿ ಚಾಪೆಯ ಮೇಲೆ ಕೂರುವವರು ಯಾರೂ ಇಲ್ಲ.